ಬೆಂಗಳೂರಲ್ಲಿ ನೀರಿನ ತೊಟ್ಟಿ ಬೋರಲು ಹಾಕಿದ ಡಾಕ್ಟರು: ಸೊಳ್ಳೆ ಗುಟ್ಟು ಬಯಲು ಮಾಡಿದ ರೊನಾಲ್ಡ್ ರಾಸ್

ಕೂಡ್ಲಿಗಿ: ನಲ್ಲಿ ನೀರು ಮತ್ತೆ ಯಾವಾಗ ಬರುತ್ತೋ ಅಂತ ಮನೆ ಮುಂದೆ ಡ್ರಮ್ಮು, ಬ್ಯಾರಲ್ಲು ತುಂಬಿಸಿಡೋದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ರೂಢಿ. ಆ ನೀರಲ್ಲಿ ಕುಣಿಯೋ ಸಣ್ಣ ಹುಳ ನೋಡಿಯೂ ಸುಮ್ಮನಿರುವವರೇ ಹೆಚ್ಚು. 140 ವರ್ಷದ ಹಿಂದೆ ಬೆಂಗಳೂರಲ್ಲಿ ಒಬ್ಬ ಡಾಕ್ಟರು ಮಾತ್ರ ಸುಮ್ಮನಿರಲಿಲ್ಲ.

ಅವರೇ ರೊನಾಲ್ಡ್ ರಾಸ್. ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ. ತಂದೆ ಸೈನ್ಯದ ದೊಡ್ಡ ಅಧಿಕಾರಿ. ಮಗನಿಗೆ ಕವಿತೆ, ಸಂಗೀತದ ಹುಚ್ಚು. ಆದರೂ ತಂದೆಯ ಒತ್ತಾಯಕ್ಕೆ ಲಂಡನ್‌ನಲ್ಲಿ ಡಾಕ್ಟರಿಕೆ ಓದಿ, 1881ರಲ್ಲಿ ಇಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಬೆಂಗಳೂರು ದಂಡಿನಲ್ಲಿ ಡ್ಯೂಟಿ. ಇದ್ದ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದರೆ ಕಿಟಕಿ ಹೊರಗಿನ ತೊಟ್ಟಿ ನೀರಲ್ಲೇ ಮರಿಗಳು! ತೊಟ್ಟಿ ಬೋರಲು ಹಾಕಿದರು, ಕಾಟ ತಗ್ಗಿತು. ಉಳಿದ ಕಡೆಯೂ ಹೀಗೇ ಮಾಡೋಣ ಅಂದರೆ ದಂಡಿನ ಅಧಿಕಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತೆ ಅಂತ ಜನ ನಂಬಿದ್ದ ಕಾಲ ಅದು. ಸೊಳ್ಳೆಗೂ ಜ್ವರಕ್ಕೂ ನಂಟಿದೆ ಅನ್ನೋದು ಆಗ ರಾಸ್‌ಗೂ ಗೊತ್ತಿರಲಿಲ್ಲ.

1894ರಲ್ಲಿ ಲಂಡನ್‌ಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನೋ ಹಿರಿಯ ವೈದ್ಯರು ಆ ಅನುಮಾನ ತಲೆಗೆ ಹಾಕಿದರು. ಮರುವರ್ಷ ಸಿಕಂದರಾಬಾದ್‌ಗೆ ಬಂದ ರಾಸ್ ಸೊಳ್ಳೆ ಕೊಯ್ದು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಡುವೆ ಕಾಲರಾ ತಡೆಯಲು ಮತ್ತೆ ಬೆಂಗಳೂರಿಗೆ ಹಾಕಿದರು. ಊಟಿ ಕಡೆ ಹೋದಾಗ ಅವರಿಗೇ ಮಲೇರಿಯಾ ಬಂತು. ಆದರೂ ಬಿಡಲಿಲ್ಲ.

ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಗೆ ಒಂದಾಣೆಯಂತೆ ಕೊಟ್ಟು ಕಚ್ಚಿಸಿಕೊಂಡರು. 1897ರ ಆಗಸ್ಟ್ 20ರಂದು ಆ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಸಿಕ್ಕೇಬಿಟ್ಟಿತು. ಆ ದಿನವೇ ಈಗಿನ ವಿಶ್ವ ಸೊಳ್ಳೆ ದಿನ. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ರೋಗ ಸೊಳ್ಳೆಯ ಜೊಲ್ಲಿನಿಂದಲೇ ಹರಡುತ್ತೆ ಅಂತ ತೋರಿಸಿದರು. ಮನುಷ್ಯರಲ್ಲೂ ಹಾಗೇ ಅಂತ ಇಟಲಿಯ ವಿಜ್ಞಾನಿಗಳು ಸಾಬೀತು ಮಾಡಿದರು. ಹೆಸರು ಯಾರಿಗೆ ಅಂತ ದೊಡ್ಡ ಜಗಳವೇ ನಡೆಯಿತು. 1902ರ ನೊಬೆಲ್ ರಾಸ್‌ಗೆ ಬಂತು. ಆಮೇಲೂ ಆಫ್ರಿಕಾ, ಈಜಿಪ್ಟ್ ಸುತ್ತಿ, ನಿಂತ ನೀರು ತೆಗೆಯಿರಿ ಅಂತಲೇ ಹೇಳುತ್ತಾ ಬಂದರು. 1932ರ ಸೆಪ್ಟೆಂಬರ್ 16ರಂದು ಲಂಡನ್‌ನಲ್ಲಿ ತೀರಿಕೊಂಡರು.

ರಾಸ್ ಕಂಡ ಗುಟ್ಟಿಗೆ ಎರಡು ಮುಖ. ಸೊಳ್ಳೆ ಹೆಚ್ಚು ದೂರ ಹಾರಲ್ಲ. ರೋಗ ಹೊತ್ತು ಊರು ದಾಟೋದು ಮನುಷ್ಯನೇ. ಈ ತಾಲ್ಲೂಕುಗಳಿಂದ ಕಾಫಿ ತೋಟಕ್ಕೆ, ಬೆಂಗಳೂರಿಗೆ ಗುಳೆ ಹೋದವರು ಜ್ವರ ಹೊತ್ತು ವಾಪಸ್ ಬಂದರೆ, ಊರಿನ ಸೊಳ್ಳೆ ಅವರನ್ನು ಕಚ್ಚಿ ಪಕ್ಕದ ಮನೆಗೆ ದಾಟಿಸುತ್ತೆ. ಹೀಗಾಗಿ ಊರಿಂದ ಬಂದ ಮೇಲೆ ಜ್ವರ ಕಂಡರೆ ಮೊದಲು ರಕ್ತ ಪರೀಕ್ಷೆ.

ಡೆಂಗಿ ಸೊಳ್ಳೆಯದೂ ಇದೇ ಕಥೆ. ಅದು ಹಗಲು ಕಚ್ಚುತ್ತೆ, ಮೊಟ್ಟೆಯನ್ನು ಡ್ರಮ್ಮಿನ ಒಳಗೋಡೆಗೆ ಅಂಟಿಸುತ್ತೆ. ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ತಿಕ್ಕಿ ತೊಳೆದು ಒಣಗಿಸಿ, ಮುಚ್ಚಳ ಹಾಕಬೇಕು. ಪಂಕ್ಚರ್ ಅಂಗಡಿಯ ಹಳೇ ಟೈರು, ಎಳನೀರು ಬುರುಡೆಗೂ ಇದೇ ಮಾತು. 1883ರಲ್ಲಿ ರಾಸ್ ಮಾಡಿದ್ದೂ ಇಷ್ಟೇ.