ಕೋಠುರೆಯ ಮಲ್ಲಗುರು ಬಾಳಂಭಟ್ಟದಾದಾ ದೇವಧರರು

ರಾತ್ರಿ ಹನ್ನೊಂದು ಗಂಟೆಗೆ ಹೋಟೆಲಿನ ಬಾಗಿಲೆಳೆದು, ಒಲೆಯಾರಿಸಿ, ಗಲ್ಲೆಯ ಲೆಕ್ಕವನ್ನೊಪ್ಪಿಸಿದ ಮೇಲೆ ನಮ್ಮ ಹುಡುಗರು ತಮ್ಮ ಕೊಠಡಿಗೆ ನಡೆದುಹೋಗುವ ದಾರಿಯು, ನಾಸಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ, ಎಲ್ಲ ದಿನವೂ ನಿರ್ಭಯವಾದುದೆಂದು ಹೇಳಲಾಗದು. ಸಂಬಳದ ದಿನದಂದು ಗುಮಾಸ್ತನ ಪಾಡೂ ಅದೇ. ಆದಕಾರಣ, ನಮ್ಮವರು ನಾಲ್ವರು ಕಲೆತಲ್ಲಿ ಒಂದು ವಾದವು ನಮ್ಮ ಕಿವಿಗೆ ಆಗಾಗ ಬೀಳುವುದುಂಟು. ಮೈಗಾಪಿಗೆ ಯಾವ ವಿದ್ಯೆ ಮೇಲು, ಗುದ್ದು ಒದೆತಗಳನ್ನು ಕಲಿಸುವ ಕರಾಟೆ ಮುಷ್ಟಿಯುದ್ಧಗಳೋ, ಹಿಡಿದು ಕೆಡಹುವ ಕುಸ್ತಿಯೋ? ನಾವು ಪೈಲ್ವಾನರಲ್ಲ, ಲೇಖನಿ ಹಿಡಿಯುವವರು. ಆದರೂ ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಜೀವನವು ಈ ಎರಡು ಊರುಗಳ ನಡುವಣ ದಾರಿಯ ಮಗ್ಗುಲಲ್ಲೇ ಹುಟ್ಟಿತೆಂಬುದನ್ನು ನಮ್ಮ ಬಾಂಧವರಲ್ಲಿ ಅನೇಕರು ಅರಿಯರು. ಅದನ್ನು ಇಂದು ಹೇಳಬಯಸುತ್ತೇವೆ.

ನಾಸಿಕದಿಂದ ಸಂಭಾಜಿನಗರಕ್ಕೆ ಬಸ್ಸಿನಲ್ಲಿ ಹೋಗುವವರು ಮೊದಲು ನಿಫಾಡವನ್ನು, ತರುವಾಯ ಪೈಠಣಿ ಸೀರೆಗಳ ಯೇವಲೆಯನ್ನು, ಆಮೇಲೆ ವೈಜಾಪುರವನ್ನು ದಾಟುತ್ತಾರೆ. ಈ ನಿಫಾಡ ತಾಲೂಕಿನಲ್ಲಿ, ಗೋದಾವರಿಯ ದಂಡೆಯ ಮೇಲೆ, ಕೋಠುರೆ ಎಂಬ ಹಳ್ಳಿಯಿದೆ. ಬಾಳಂಭಟ್ಟ ಜನಾರ್ದನ ದೇವಧರರು 1780ರಲ್ಲಿ ಅಲ್ಲಿ ಹುಟ್ಟಿದರು. ವೈದಿಕ ಬ್ರಾಹ್ಮಣರ ಮನೆತನ. ಪಂಚಾಂಗ ಹಿಡಿದು ಹೊಟ್ಟೆ ಹೊರೆದುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಹುಡುಗನ ಮನಸ್ಸು ಮಣ್ಣಿನ ಕಡೆಗೆ ಒಲಿಯಿತು, ಗರಡಿಯ ಮಣ್ಣಿನ ಕಡೆಗೆ.

ಕಾಲವಾದರೂ ಅಂಥದೇ. ವೈಜಾಪುರದಿಂದಾಚೆಗಿನದು ಆಗ ನಿಜಾಮನ ಸೀಮೆ. ಇಂದಿನ ಸಂಭಾಜಿನಗರವು ಅಂದಿನ ಔರಂಗಾಬಾದು. 1763ರಲ್ಲಿ ಹೈದರಾಬಾದಿಗೆ ಸಾಗುವವರೆಗೆ ನಿಜಾಮನ ರಾಜಧಾನಿಯೇ ಅಲ್ಲಿತ್ತು. 1795ರ ಮಾರ್ಚಿಯಲ್ಲಿ ಖರ್ಡಾ ಎಂಬಲ್ಲಿ ಮರಾಠರಿಗೂ ನಿಜಾಮನಿಗೂ ಯುದ್ಧವಾಗಿ ನಿಜಾಮನು ಸೋತನು. ಮರುವರ್ಷದ ಕೊನೆಯಲ್ಲಿ ಎರಡನೆಯ ಬಾಜೀರಾಯನು ಪುಣೆಯಲ್ಲಿ ಪೇಶ್ವೆಯಾದನು. ಈ ಬಾಜೀರಾಯನು ರಾಜ್ಯಭಾರದಲ್ಲಿ ಎಷ್ಟು ದುರ್ಬಲನೋ ಕುಸ್ತಿಯ ವಿಷಯದಲ್ಲಿ ಅಷ್ಟು ಆಸಕ್ತನಾಗಿದ್ದನು.

ಗರಡಿಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಹೇಳಿಬಂದ ಕಥೆಯು ಹೀಗಿದೆ. ನಿಜಾಮನ ಸೀಮೆಯಿಂದ ಅಲಿ, ಗುಲಾಬ ಎಂಬ ಇಬ್ಬರು ಮಹಾಮಲ್ಲರು ಪುಣೆಗೆ ಬಂದರು. ಊರೂರು ಗೆದ್ದು ಬಂದವರು. ತಮ್ಮೊಡನೆ ಹಿಡಿಯುವವರು ಯಾರೆಂದು ಪೇಶ್ವೆಯ ಸಭೆಯಲ್ಲಿ ಸವಾಲೆಸೆದರು. ಯಾರೂ ಇಲ್ಲವಾದರೆ ಜಯಪತ್ರ ಬರೆದುಕೊಡಬೇಕೆಂದರು. ರಣಾಂಗಣದಲ್ಲಿ ಸೋತವನ ಕಡೆಯವರು ಅಖಾಡದಲ್ಲಿ ಗೆದ್ದು ಹೋಗುವುದೆಂದರೆ ಪುಣೆಗೆ ಹೇಗಿದ್ದೀತು! ಆದರೂ ಅವರ ಮೈಕಟ್ಟನ್ನು ಕಂಡ ಪುಣೆಯ ಪೈಲ್ವಾನರು ತಲೆ ತಗ್ಗಿಸಿದರು. ಆಗ ಎದ್ದುನಿಂತವನು ತೆಳುಮೈಯ ಬಾಳಂಭಟ್ಟ. ಸಭೆಯು ನಕ್ಕಿರಬೇಕು. ಅವನು ಕೇಳಿಕೊಂಡದ್ದು ಕೆಲವು ದಿನಗಳ ಗಡುವನ್ನು ಮಾತ್ರ.

ಗಡುವು ಪಡೆದವನು ಪುಣೆಯಲ್ಲಿ ನಿಲ್ಲಲಿಲ್ಲ. ತನ್ನ ಸೀಮೆಗೆ ಮರಳಿ, ನಾಸಿಕದ ಉತ್ತರಕ್ಕೆ ವಣಿಯ ಸಮೀಪದ ಸಪ್ತಶೃಂಗಿ ಗುಡ್ಡವನ್ನೇರಿದನು. ಏಳು ಶಿಖರಗಳ ಆ ಗುಡ್ಡದಲ್ಲಿ ಹದಿನೆಂಟು ಕೈಗಳ ದೇವಿಯು ಬಂಡೆಯಲ್ಲೇ ಮೂಡಿ ನಿಂತಿದ್ದಾಳೆ. ನಮ್ಮವರಲ್ಲಿ ಬಹುಮಂದಿ ದರ್ಶನ ಮಾಡಿಬಂದಿರುತ್ತಾರೆ. ಒಂದೊಂದು ಕೈಗೂ ಒಂದೊಂದು ಆಯುಧ. ಅವಳೆದುರು ಉಪವಾಸವಿದ್ದ ಹುಡುಗನಿಗೆ ಇದ್ದವು ಎರಡೇ ಬರಿಗೈಗಳು. ದೇವಿಯ ಅಪ್ಪಣೆಯಂತೆ ಹನುಮಂತನೇ ಕೋತಿಯ ರೂಪದಿಂದ ಬಂದು, ಮರದ ಕಂಬವೊಂದರ ಮೇಲೆ ನಾನಾ ವಿಧವಾಗಿ ಹತ್ತಿ, ಸುತ್ತಿ, ಜಾರಿ, ತಿರುಗಿ ಪಟ್ಟುಗಳನ್ನು ತೋರಿಸಿಕೊಟ್ಟನೆಂದು ಭಕ್ತರು ಹೇಳುತ್ತಾರೆ. ಹನುಮಂತನು ಹುಟ್ಟಿದ್ದು ನಾಸಿಕದ ಅಂಜನೇರಿಯಲ್ಲೆಂದು ಇಲ್ಲಿಯವರೂ, ಆನೆಗೊಂದಿಯ ಅಂಜನಾದ್ರಿಯಲ್ಲೆಂದು ನಮ್ಮವರೂ ಸಾಧಿಸುತ್ತಾರೆ. 2022ರಲ್ಲಿ ನಾಸಿಕದಲ್ಲಿ ಇದಕ್ಕಾಗಿ ಧರ್ಮಸಭೆಯೇ ಸೇರಿ ವಾಗ್ವಾದವಾಯಿತು. ಆ ಜಗಳ ನಮಗೆ ಬೇಡ. ಕಾಡಿನ ಕೋತಿಯನ್ನು ಕಣ್ಣಿಟ್ಟು ನೋಡಿದ ಹುಡುಗನು ಅದರಿಂದ ಒಂದು ಶಾಸ್ತ್ರವನ್ನೇ ತೆಗೆದನೆಂದರೂ ಅವನ ಹಿರಿಮೆಗೆ ಕುಂದಿಲ್ಲ.

ಆ ಶಾಸ್ತ್ರವೇ ಮಲ್ಲಕಂಬ. ಅವರು ಅದನ್ನು ಶೂನ್ಯದಿಂದ ಸೃಷ್ಟಿಸಿದರೆನ್ನುವಂತಿಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಕಂಬದ ವ್ಯಾಯಾಮದ ಪ್ರಸ್ತಾಪವೂ ಅದರಲ್ಲಿದೆಯೆಂದು ವ್ಯಾಯಾಮಶಾಸ್ತ್ರದವರು ತೋರಿಸುತ್ತಾರೆ. ಆ ಅರಸನ ಬಿರುದೇ ಭೂಲೋಕಮಲ್ಲ. ಕನ್ನಡ ನೆಲದ ದೊರೆಯ ಗ್ರಂಥದಲ್ಲಿದ್ದುದು ಆರೂವರೆ ಶತಮಾನಗಳ ಮೇಲೆ ಮರಾಠೀ ನೆಲದ ಬಡ ಭಟ್ಟನ ಮೈಯಲ್ಲಿ ಮರಳಿ ಜೀವ ಪಡೆಯಿತೆಂದರೆ ನಮಗೆ ತುಸು ಹೆಮ್ಮೆಯಾಗುವುದು ಸಹಜ.

ಕಂಬವನ್ನು ಕಾಣದವರಿಗಾಗಿ ಎರಡು ಮಾತು. ತೇಗ ಮೊದಲಾದ ಗಟ್ಟಿ ಮರದಿಂದ ಕಡೆದು, ನೆಲದ ಮೇಲೆ 8 ಅಡಿಗೂ ಮಿಕ್ಕು ನಿಲ್ಲುವಂತೆ ಹುಗಿಯುತ್ತಾರೆ. ಬುಡ ದಪ್ಪ, ಮೇಲೆ ಹೋದಂತೆ ಸಣ್ಣ, ಅನಂತರ ಕುತ್ತಿಗೆ, ಅದರ ಮೇಲೊಂದು ಗುಂಡು. ಎಂದರೆ ತೊಡೆ, ಸೊಂಟ, ಕೊರಳು, ತಲೆಗಳುಳ್ಳ ಮನುಷ್ಯನ ಆಕಾರವೇ. ಇದಕ್ಕೆ ಹರಳೆಣ್ಣೆಯನ್ನು ಬಳಿಯುತ್ತಾರೆ. ಹಿಡಿದರೆ ಜಾರುತ್ತದೆ, ಜಾರುವುದನ್ನು ತೊಡೆಯಿಂದ, ಕಂಕುಳಿನಿಂದ, ಹೆಬ್ಬೆರಳಿನ ಸಂದಿನಿಂದ ಹಿಡಿಯಲು ಕಲಿಯಬೇಕು. ಬೆವರಿದ ಎದುರಾಳಿಯೂ ಹೀಗೆಯೇ ಜಾರುವನಷ್ಟೆ! ಮತ್ತೊಂದು ವಿಶೇಷವಿದೆ. ಕಂಬಕ್ಕೆ ಗುದ್ದಿದರೆ ಮುರಿಯುವುದು ಗುದ್ದಿದವನ ಕೈ. ಕಂಬವು ಕಲಿಸುವುದು ಹೊಡೆತವನ್ನಲ್ಲ, ಹಿಡಿತವನ್ನು. ಅದಕ್ಕಿಂತ ಮುಖ್ಯವಾಗಿ, ಹಿಡಿತದಿಂದ ನುಣುಚಿಕೊಳ್ಳುವುದನ್ನು.

ಗಡುವು ಮುಗಿಯಿತು. ಬಾಳಂಭಟ್ಟರು ಪುಣೆಗೆ ಮರಳಿ ಅಲಿಯನ್ನು ಎದುರಿಸಿದರು. ತೂಕದಲ್ಲಿ ಅಲಿಯದೇ ಮೇಲುಗೈ. ಆದರೆ ಅವನ ತೋಳುಗಳೊಳಗೆ ಈ ತೆಳುಮೈ ನಿಲ್ಲಲೇ ಇಲ್ಲವಂತೆ. ಕೊನೆಗೆ ಅಲಿಯ ಬೆನ್ನಿಗೆ ಮಣ್ಣು ಹತ್ತಿತು. ಜೊತೆಗಾರನ ಗತಿಯನ್ನು ಕಂಡ ಗುಲಾಬನು ಕಣಕ್ಕಿಳಿಯದೆ ಹಿಂಜರಿದನು. ಕಥೆಯು ಬಾಯಿಂದ ಬಾಯಿಗೆ ಬರುತ್ತ ಒಂದಿಷ್ಟು ಬೆಳೆದಿದ್ದರೂ ಇದ್ದೀತು. ಆದರೆ ಪೇಶ್ವೆಯ ಆಶ್ರಯದಲ್ಲಿ ಅವರು ಮಲ್ಲಗುರುವಾದುದು, ಅವರ ಶಿಷ್ಯಪರಂಪರೆ ಇಂದಿಗೂ ನಡೆದುಬಂದಿರುವುದು ಕಟ್ಟುಕಥೆಯಲ್ಲ.

ಇನ್ನು ನಮ್ಮ ಹುಡುಗರ ವಾದಕ್ಕೆ ಬರೋಣ. ಮೈಸೂರಿನ ಜಟ್ಟಿಗಳನ್ನು ಬಲ್ಲವರು ಇಲ್ಲೊಂದು ಆಕ್ಷೇಪ ತೆಗೆಯಬಹುದು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯು ತಲೆ ಬೋಳಿಸಿಕೊಂಡು, ಒಂದು ಮುಷ್ಟಿಗೆ ಮೊನೆಯುಳ್ಳ ಆಯುಧವನ್ನು ಧರಿಸಿ ಎದುರಾಳಿಯ ತಲೆಗೆ ಹೊಡೆಯುತ್ತಾನೆ. ಮೊದಲು ನೆತ್ತರು ಬಂದೊಡನೆ ಕಾಳಗ ಮುಗಿಯುತ್ತದೆ. ಅಲ್ಲಿ ಹೊಡೆತವೇ ನಿರ್ಣಾಯಕವಲ್ಲವೇ? ಹೌದು. ಆದರೆ ಇನ್ನೊಂದು ಕೈ ಸುಮ್ಮನಿರುವುದಿಲ್ಲ. ಎದುರಾಳಿಯ ಆಯುಧದ ಕೈಯನ್ನು ತಡೆಯಲು, ಹಿಡಿಯಲು ಹವಣಿಸುತ್ತದೆ. ಹಿರಿಯರು ಎರಡು ವಿದ್ಯೆಗಳ ನಡುವೆ ಗೋಡೆ ಕಟ್ಟಿರಲಿಲ್ಲ. ಆ ಗೋಡೆಯನ್ನು ಕಟ್ಟಿದ್ದು ಆಟದ ನಿಯಮಗಳು.

ನಿಯಮ ಬಿಗಿಯಾದರೆ ಏನಾಗುವುದೆಂಬುದಕ್ಕೆ 1976ರ ಜೂನ್ 26ರಂದು ಟೋಕಿಯೋದಲ್ಲಿ ಮುಷ್ಟಿಮಲ್ಲ ಮಹಮ್ಮದ್ ಅಲಿಗೂ ಜಪಾನಿನ ಕುಸ್ತಿಪಟು ಇನೋಕಿಗೂ ನಡೆದ ಪಂದ್ಯವೇ ಸಾಕ್ಷಿ. ಇನೋಕಿ ನೆಲಕ್ಕೆ ಒರಗಿಕೊಂಡೇ ಅಲಿಯ ಕಾಲಿಗೆ ಒದೆಯುತ್ತಿದ್ದನು. ಅಲಿಯ ಪ್ರಸಿದ್ಧ ಗುದ್ದುಗಳು ಬೆರಳೆಣಿಕೆಯಷ್ಟೂ ಹೊರಬೀಳಲಿಲ್ಲ. ಹದಿನೈದು ಸುತ್ತುಗಳ ಮೇಲೆ ಸಮಸಮವೆಂದು ಸಾರಿದರು. ನಿಯಮ ಸಡಿಲವಾದಾಗಿನ ಸಂಗತಿ ಬೇರೆ. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರಿನಲ್ಲಿ ಬಗೆಬಗೆಯ ವಿದ್ಯೆಯವರನ್ನು ಒಂದೇ ಕಣಕ್ಕೆ ಬಿಟ್ಟಾಗ, ತೆಳುಮೈಯ ಬ್ರೆಜಿಲಿನವನಾದ ರಾಯ್ಸ್ ಗ್ರೇಸಿ ಎಂಬಾತನು ಒಂದೇ ರಾತ್ರಿಯಲ್ಲಿ ಮೂವರನ್ನು ಹಿಡಿತದಿಂದಲೇ ಸೋಲಿಸಿದನು. ಅವರಲ್ಲೊಬ್ಬನು ಮುಷ್ಟಿಯುದ್ಧದವನು, ಮತ್ತೊಬ್ಬನು ಒದೆತದಲ್ಲಿ ನುರಿತವನು. ಹೊಡೆಯುವುದನ್ನು ಮಾತ್ರ ಕಲಿತವನನ್ನು ಒಮ್ಮೆ ಹಿಡಿದುಬಿಟ್ಟರೆ ಅವನು ಅನಾಥನೆಂಬುದು ಅಂದು ಜಗತ್ತಿಗೆ ಮನವರಿಕೆಯಾಯಿತು. ಕೋಠುರೆಯವರಿಗೆ ಅದು ಹೊಸ ವಿಷಯವಾಗಿರಲಾರದು.

ಆದರೆ ಬೀದಿಯು ಅಖಾಡವಲ್ಲ. ಗರಡಿಯ ಕೆಮ್ಮಣ್ಣು ಎಣ್ಣೆ ಮಜ್ಜಿಗೆಗಳನ್ನು ಕುಡಿದು ಮೆತ್ತಗಿರುತ್ತದೆ. ಡಾಂಬರು ರಸ್ತೆ ಹಾಗಲ್ಲ. ಒಬ್ಬನನ್ನು ಕೆಡವಿ ಅವನ ಮೇಲೆ ಕುಳಿತ ಪೈಲ್ವಾನನ ಬೆನ್ನಿಗೆ ಎರಡನೆಯವನ ಒದೆತ ಬೀಳುತ್ತದೆ. ಮೇಲಾಗಿ ಎದುರಿಗಿರುವವನ ಕೈಯಲ್ಲಿ ಚೂರಿಯಿದ್ದರೆ ಹಿಡಿತವೂ ಬೇಡ, ಹೊಡೆತವೂ ಬೇಡ. ಹಣದ ಚೀಲವನ್ನೆಸೆದು ಓಡುವುದೇ ವಿದ್ಯೆ. ಇದನ್ನು ಹೇಳಲು ನಮಗೆ ನಾಚಿಕೆಯಿಲ್ಲ.

ಹಾಗಾದರೆ ಗುದ್ದೇ ಮೇಲೆಂದಾಯಿತೇ? ಅವಸರ ಬೇಡ. ಬರಿಯ ಮುಷ್ಟಿಯಿಂದ ತಲೆಬುರುಡೆಗೆ ಗುದ್ದಿದವನ ಕಿರುಬೆರಳಿನ ಹಿಂದಿನ ಮೂಳೆ ಮುರಿಯುವುದು ವೈದ್ಯರಿಗೆ ನಿತ್ಯದ ಅನುಭವ. ಅದು ಕೂಡಿಕೊಳ್ಳಲು ನಾಲ್ಕಾರು ವಾರಗಳು ಬೇಕು. ಅಷ್ಟು ದಿನ ದೋಸೆಯ ಕಲ್ಲಿನ ಮುಂದೆ ನಿಲ್ಲುವವರಾರು? ಊರಿಗೆ ಹಣ ಕಳಿಸುವವರಾರು? ನಮ್ಮ ಕೈಯೇ ನಮ್ಮ ಜಹಗೀರಿ. ಇನ್ನೊಂದು ಗಂಡಾಂತರವೂ ಉಂಟು. ಪ್ರಾಣ, ಶರೀರ, ಸ್ವತ್ತುಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು 1860ರ ದಂಡಸಂಹಿತೆ ಕೊಟ್ಟಿತ್ತು; 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯಸಂಹಿತೆಯೂ ಕೊಡುತ್ತದೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಕೇಡು ಮಾಡುವಂತಿಲ್ಲ. ಹಿಡಿತವನ್ನು ಸಡಿಲಿಸಬಹುದು, ಕೊಟ್ಟ ಗುದ್ದನ್ನು ಹಿಂದಕ್ಕೆ ಪಡೆಯಲಾಗದು. ಗುದ್ದು ತಿಂದು ಬಿದ್ದವನ ತಲೆ ಚರಂಡಿಯ ಕಲ್ಲಿಗೆ ತಾಗಿತೆಂದರೆ, ಪರಸ್ಥಳದಲ್ಲಿ ಬಂಧುಬಳಗವಿಲ್ಲದ ನಮ್ಮ ಹುಡುಗನು ಕೋರ್ಟಿನ ಮೆಟ್ಟಿಲುಗಳನ್ನು ಸವೆಸಬೇಕಾದೀತು. ಕುಸ್ತಿಯ ಎತ್ತಿನೆಸೆತವೂ ಅಂಥದೇ ಎಂಬುದನ್ನು ನಾವು ಮರೆಮಾಚುವುದಿಲ್ಲ.

ನಮ್ಮ ಅಭಿಪ್ರಾಯವಿಷ್ಟು. ಮೊದಲು ಕಲಿಯಬೇಕಾದುದು ಕೊರಳಪಟ್ಟಿ ಹಿಡಿದವನ ಕೈಯನ್ನು ಬಿಡಿಸಿಕೊಳ್ಳುವುದು, ತಳ್ಳಿದರೆ ಬೀಳದೆ ನಿಲ್ಲುವುದು, ಬಿದ್ದರೆ ಒಡನೆ ಏಳುವುದು. ಇವು ಮೂರೂ ಕುಸ್ತಿಯ ಸ್ವತ್ತು. ಅದರ ಮೇಲೆ, ದಾರಿ ಬಿಡಿಸಿಕೊಳ್ಳುವಷ್ಟು ಅಂಗೈಯ ಹೊಡೆತವೊಂದು ಗೊತ್ತಿದ್ದರೆ ಬೇಡವೆನ್ನುವವರು ನಾವಲ್ಲ. ಬಾಳಂಭಟ್ಟರು ವಣಿಯ ಗುಡ್ಡದಲ್ಲಿ ಹುಡುಕಿದ್ದು ಅಲಿಯನ್ನು ಕೊಲ್ಲುವ ಪೆಟ್ಟನ್ನಲ್ಲ. ಅವನ ಕೈಗೆ ಸಿಗದಿರುವ ಉಪಾಯವನ್ನು.

ಅವರ ಮುಂದಿನ ಬಾಳು ಒಡೆಯನ ಹಣೆಬರಹದೊಡನೆ ಸಾಗಿತು. 1818ರಲ್ಲಿ ಬಾಜೀರಾಯನು ಇಂಗ್ಲಿಷರಿಗೆ ಶರಣಾಗಿ, ವರ್ಷಕ್ಕೆ 8 ಲಕ್ಷ ರೂಪಾಯಿಗಳ ಪಿಂಚಣಿಯ ಮೇಲೆ ಕಾನ್ಪುರದ ಬಳಿಯ ಬಿಠೂರಿಗೆ ಹೋದನು. ಮಲ್ಲಗುರುವೂ ಗಂಗೆಯ ದಡಕ್ಕೆ ನಡೆದರೆಂದು ಪರಂಪರೆಯವರು ಹೇಳುತ್ತಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ ಆ ಪಯಣದ ಕಷ್ಟವನ್ನು ವಿವರಿಸಬೇಕಾದುದಿಲ್ಲ. ರಾಜ್ಯ ಹೋದರೂ ಕಂಬ ಹೋಗಲಿಲ್ಲ. ಬಿಠೂರಿನಲ್ಲಿ ಬೆಳೆದ ನಾನಾಸಾಹೇಬ, ತಾತ್ಯಾ ಟೋಪೆ, ಮುಂದೆ ಝಾನ್ಸಿಯ ರಾಣಿಯಾದ ಲಕ್ಷ್ಮೀಬಾಯಿ ಇವರೆಲ್ಲ ಈ ಕಂಬದ ಮೇಲೆ ಮೈ ಪಳಗಿಸಿದರೆಂಬ ಪ್ರತೀತಿಯಿದೆ. ಆ ತಾತ್ಯಾ ಟೋಪೆ ಹುಟ್ಟಿದ್ದು ನಾವು ಮೇಲೆ ಹೇಳಿದ ಯೇವಲೆಯಲ್ಲಿ. 1859ರ ಏಪ್ರಿಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ದೇವಧರರ ಪ್ರಮುಖ ಶಿಷ್ಯ ಕೊಂಡಭಟ್ಟನಾನಾ ಗೋಡಬೋಲೆಯವರು ಕಾಶಿಯಲ್ಲಿ ಅಖಾಡವನ್ನು ನಡೆಸಿ ವಿದ್ಯೆಯನ್ನು ಹರಡಿದರು.

ಅಲ್ಲಿಂದ ಅದು ಬಡೋದೆಗೆ, ಮುಂಬಯಿಗೆ, ಅಮರಾವತಿಗೆ, ನಮ್ಮ ಗದಗ ಬಾಗಲಕೋಟೆಗಳ ಕಡೆಗೂ ಹರಡಿತು. ಮುಂಬಯಿಯಲ್ಲಿ ದಾದರಿನ ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದಲ್ಲಿ ಮಲ್ಲಕಂಬ ಕಲಿಸುತ್ತ ಬಂದ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಇಂದು ಹೆಣ್ಣುಮಕ್ಕಳು ತೂಗುಹಗ್ಗದ ಮೇಲೆ ಮಾಡುವ ಮಲ್ಲಕಂಬವನ್ನು ಕಂಡರೆ ಬೆರಗಾಗುತ್ತದೆ. ನಾಸಿಕದ ತಾಲೀಮುಗಳಲ್ಲಿ ಕಂಬಗಳು ಈಗಲೂ ನಿಂತಿವೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿಯ ಸರಬರಾಜು ಆರಂಭವಾಗುವ ಮುನ್ನ ನಮ್ಮ ಹುಡುಗರಿಗೆ ಎರಡು ಗಂಟೆಗಳ ಬಿಡುವಿರುತ್ತದೆ. ತಾಲೀಮಿನ ವಸ್ತಾದರಿಗೆ ಮೊದಲ ದಿನ ಒಂದು ತೆಂಗಿನಕಾಯಿ ಒಯ್ದರೆ ಸಾಕು. ಕಂಬಕ್ಕೆ ಬಳಿಯುವ ಹರಳೆಣ್ಣೆಯನ್ನು ಅವರೇ ಕೊಡುತ್ತಾರೆ.