ಆದವಾನಿಯ ಮುಜಫ್ಫರ್ ಜಂಗ್

ಸಿರುಗುಪ್ಪದಿಂದ ಪೂರ್ವಕ್ಕೆ ಹೊರಟರೆ ಆದವಾನಿಯ ಬೆಟ್ಟದ ಕೋಟೆ ಎದುರಾಗುತ್ತದೆ. 1953ರವರೆಗೆ ಆ ತಾಲ್ಲೂಕು ನಮ್ಮ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಕುರುಗೋಡು, ಬಳ್ಳಾರಿಗಳ ಕೋಟೆಗಳನ್ನು ಬಲ್ಲ ನಮಗೆ ಅದು ಪರಕೀಯವಲ್ಲ. ಯುರೋಪಿನ ಉತ್ತರಾಧಿಕಾರದ ಯುದ್ಧವೊಂದರ ಕಿಡಿ ಈ ಸೀಮೆಗೂ ಹಾರಿದ ಬಗೆಯನ್ನು, ಆದವಾನಿಯನ್ನು ಜಹಗೀರಾಗಿ ಹೊಂದಿದ್ದ ಹಿದಾಯತ್ ಮೊಹಿಯುದ್ದೀನ್ ಖಾನನ ಬಾಳಿನಲ್ಲಿ ಕಾಣುತ್ತೇವೆ. ಮುಜಫ್ಫರ್ ಜಂಗ್ ಎಂಬುದು ಅವನ ಬಿರುದು.

1740ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸನು ಗಂಡುಸಂತಾನವಿಲ್ಲದೆ ತೀರಿಕೊಂಡನು. ಅವನ ಮಗಳು ಮರಿಯ ತೆರೇಸಳ ಹಕ್ಕನ್ನು ಮನ್ನಿಸುವುದಾಗಿ ಬರೆದುಕೊಟ್ಟಿದ್ದ ಅರಸರಲ್ಲೇ ಹಲವರು ಅವಳ ನಾಡಿನ ಮೇಲೆ ದಂಡೆತ್ತಿದರು. ಕಥೋಲಿಕ ಫ್ರಾನ್ಸೇ ಕಥೋಲಿಕ ಆಸ್ಟ್ರಿಯದ ವಿರುದ್ಧ ನಿಂತಿತೆಂಬುದನ್ನು ನಾವು ಮರೆಮಾಚಬೇಕಿಲ್ಲ. ಇಂಗ್ಲಿಷರು ಎದುರು ಪಕ್ಷದಲ್ಲಿದ್ದುದರಿಂದ 1746ರಲ್ಲಿ ಅವರ ಮದರಾಸು ಫ್ರೆಂಚರ ವಶವಾಯಿತು. 1748ರ ಒಪ್ಪಂದದಂತೆ ಅದನ್ನು ಹಿಂದಿರುಗಿಸಬೇಕಾಯಿತು. ಪುದುಚೇರಿಯ ಗವರ್ನರ್ ದ್ಯುಪ್ಲೆಯ ಬಳಿ ಸೈನ್ಯವು ಕೆಲಸವಿಲ್ಲದೆ ಉಳಿಯಿತು.

ಅದೇ ವರ್ಷ ದಖ್ಖನದ ಮೊದಲ ನಿಜಾಮನು ಮಡಿದನು. ಮಗ ನಾಸಿರ್ ಜಂಗ್ ಅಧಿಕಾರ ಹಿಡಿದನು. ಮಗಳ ಮಗನಾದ ಮುಜಫ್ಫರನು ತಾತನು ತನ್ನನ್ನೇ ಉತ್ತರಾಧಿಕಾರಿಯಾಗಿ ಆರಿಸಿದ್ದನೆಂದು ವಾದಿಸಿ, ಚಂದಾ ಸಾಹೇಬನನ್ನೂ ದ್ಯುಪ್ಲೆಯನ್ನೂ ಕೂಡಿಕೊಂಡನು. 1749ರ ಆಗಸ್ಟ್ 3ರಂದು ಆಂಬೂರಿನಲ್ಲಿ ಆರ್ಕಾಟಿನ ನವಾಬ ಅನ್ವರುದ್ದೀನನು ಇವರ ಎದುರು ಹತನಾದನು.

ಗೆಲುವು ನಿಲ್ಲಲಿಲ್ಲ. 1750ರಲ್ಲಿ ಫ್ರೆಂಚ್ ಅಧಿಕಾರಿಗಳೇ ಮುನಿದು ರಣರಂಗ ಬಿಟ್ಟಾಗ ಮುಜಫ್ಫರನು ಸೋದರಮಾವನ ಅಭಯವಚನವನ್ನು ನಂಬಿ ಶರಣಾದನು, ಸಂಕೋಲೆಗೆ ಬಿದ್ದನು. ಕೊಟ್ಟ ಮಾತಿಗೆ ಸಾಕ್ಷಿಯಾಗಿ ದೇವರ ಹೆಸರನ್ನೆತ್ತಿ ಬಳಿಕ ಅದನ್ನು ಮುರಿಯುವುದು ವಿಯೆನ್ನಾದಲ್ಲಾಗಲಿ ಆರ್ಕಾಟಿನಲ್ಲಾಗಲಿ ಒಂದೇ ಬಗೆಯ ಪಾಪವೆಂದೇ ನಾವು ಎಣಿಸುತ್ತೇವೆ. ಆದರೆ ಬಂದಿಯಾದವನೂ ನಿರ್ದೋಷಿಯಾಗಿರಲಿಲ್ಲ. ಅವನ ಪಕ್ಷವು ಕಡಪ, ಕರ್ನೂಲು, ಸವಣೂರುಗಳ ನವಾಬರೊಡನೆ ಒಳಸಂಚು ನಡೆಸಿತು. ಡಿಸೆಂಬರ್ 16ರಂದು ಸೆಂಜಿಯ ಬಳಿ ಕಡಪದ ನವಾಬನು ತನ್ನೊಡೆಯ ನಾಸಿರ್ ಜಂಗನನ್ನೇ ಗುಂಡಿಟ್ಟು ಕೊಂದನು. ಅಂದು ಬೆಳಿಗ್ಗೆ ಬಂದಿಯಾಗಿದ್ದವನು ಸಂಜೆಗೆ ದಖ್ಖನದ ಸುಬೇದಾರನಾದನು!

ಪುದುಚೇರಿಯಲ್ಲಿ ಸಂಭ್ರಮ ಮುಗಿಸಿ, ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಅವನು ಉತ್ತರಾಭಿಮುಖವಾಗಿ ಹೊರಟನು. ತಾವು ಬಯಸಿದಷ್ಟು ಫಲ ಸಿಗದೆ ಕನಲಿದ್ದ ಆ ಮೂವರು ನವಾಬರು 1751ರ ಫೆಬ್ರವರಿಯಲ್ಲಿ ಕಡಪ ಸೀಮೆಯ ರಾಯಚೋಟಿಯ ಬಳಿ ತಿರುಗಿಬಿದ್ದರು. ಕಾದಾಟದಲ್ಲಿ ಸವಣೂರಿನ ನವಾಬನು ಸತ್ತನು. ಓಡುವವರನ್ನು ಬೆನ್ನಟ್ಟಿದ ಮುಜಫ್ಫರನ ತಲೆಗೆ ಭರ್ಜಿ ನಾಟಿತು. ಅವನ ಆಳ್ವಿಕೆ ಪೂರ್ಣ ಎರಡು ತಿಂಗಳೂ ನಡೆಯಲಿಲ್ಲ.

ಅವನ ಪುಟ್ಟ ಮಗನನ್ನು ಬದಿಗಿರಿಸಿ ಬುಸ್ಸಿಯು ಇನ್ನೊಬ್ಬ ಸೋದರಮಾವ ಸಲಾಬತ್ ಜಂಗನನ್ನು ಪಟ್ಟಕ್ಕೇರಿಸಿದನು. ಮಗುವಿನ ಪಾಲಿಗೆ ಆದವಾನಿ ಉಳಿಯಿತು.