ಮುಡಿಪು ಗುಡ್ಡದ ಪಾದ್ರಿ: ಹಬ್ಬ ಉಂಟು, ಸಮಾಧಿಯೇ ಇಲ್ಲ!

ನವೆಂಬರ್ 2 ಬಂತೆಂದರೆ ನಮ್ಮ ಜಿಲ್ಲೆಯ ಇಗರ್ಜಿಗಳ ಸಮಾಧಿ ಸ್ಥಳಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮುಂಚಿತವಾಗಿಯೇ ಹುಲ್ಲು ಕೆರೆದು, ಸುಣ್ಣ ಬಳಿದು, ಹೂ ಇಟ್ಟು, ಮೇಣದ ಬತ್ತಿ ಹಚ್ಚಿ ಮನೆಮಂದಿ ತಮ್ಮ ತಮ್ಮವರ ಸಮಾಧಿ ಎದುರು ನಿಂತಿರುತ್ತಾರೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತ ಸಾಲಿನಲ್ಲಿ ಬರುತ್ತಾರೆ. ಇದು ಸತ್ತವರ ದಿನ. ಅದರ ಹಿಂದಿನ ದಿನ, ನವೆಂಬರ್ 1, ಎಲ್ಲ ಸಂತರ ಹಬ್ಬ.

ಈ ಎರಡು ದಿನಗಳ ವ್ಯತ್ಯಾಸ ಹೊರಗಿನವರಿಗೆ ಅಷ್ಟು ಬೇಗ ತಿಳಿಯುವುದಿಲ್ಲ. ಸತ್ತವರಿಗಾಗಿ ದೇವರಲ್ಲಿ ಬೇಡುವುದು ಒಂದು. ಸಂತರ ಹತ್ತಿರ, ನಮಗಾಗಿ ದೇವರಲ್ಲಿ ಬೇಡಿ ಅಂತ ಕೇಳಿಕೊಳ್ಳುವುದು ಇನ್ನೊಂದು. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ ಅಷ್ಟೇ ಎಂದು ಕೆಥೊಲಿಕ್ ಸಭೆ ಹೇಳುತ್ತದೆ. ಹಾಗಾದರೆ ತೀರಿಹೋದ ಒಬ್ಬ ಮನುಷ್ಯನ ಹೆಸರನ್ನು ಎರಡನೇ ತಾರೀಕಿನ ಖಾತೆಗೆ ಬರೆಯುವುದೋ, ಒಂದನೇ ತಾರೀಕಿನ ಖಾತೆಗೋ? ಇದನ್ನು ತೀರ್ಮಾನಿಸುವವರು ರೋಮಿನಲ್ಲಿದ್ದಾರೆ. ಅವರಿಗೆ ಅವಸರ ಇಲ್ಲ. ನಮ್ಮ ಊರಿನ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಡಿದ ಒಬ್ಬ ಪಾದ್ರಿಯ ವಿಷಯದಲ್ಲಿ ಇದು ಇತ್ಯರ್ಥವಾಗಲು ಮುನ್ನೂರು ವರ್ಷ ಹಿಡಿಯಿತು. ಅವರೇ ಜೋಸೆಫ್ ವಾಜ್.

ಮುಡಿಪು ಗುಡ್ಡ ಗೊತ್ತಿಲ್ಲದವರು ಮಂಗಳೂರಿನ ಕಡೆ ಯಾರು? ಈಗ ಅಲ್ಲಿ ಕಂಪ್ಯೂಟರ್ ಕಂಪೆನಿಯ ಬಸ್ಸುಗಳು ಓಡಾಡುತ್ತವೆ. ಅದಕ್ಕೆ ಎಷ್ಟೋ ಹಿಂದಿನಿಂದ ಈ ಗುಡ್ಡಕ್ಕೆ ಹೆಸರು ಬಂದದ್ದು ವಾಜ್ ಪಾದ್ರಿಯಿಂದ. ಜನ ಹೇಳುವ ಕಥೆ ಹೀಗಿದೆ. ಅವರನ್ನು ಕಂಡರಾಗದ ಕೆಲವರು, ಒಬ್ಬ ಸಾಯಲಾಗಿದ್ದಾನೆ, ಕೊನೆಯ ಸಂಸ್ಕಾರ ಕೊಡಬೇಕು ಎಂದು ಸುಳ್ಳು ಹೇಳಿ ನಡುರಾತ್ರಿ ಗುಡ್ಡಕ್ಕೆ ಕರೆದರು. ಸಾಯುವವನ ಹೆಸರು ಹೇಳಿದರೆ ಈ ಪಾದ್ರಿ ಬರದೇ ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮೇಲೆ ಹೋದಾಗ ಕೊಲ್ಲಲು ನಿಂತರು. ಪಾದ್ರಿ ಕೋಲು ಊರಿದಲ್ಲಿ ಬೆಳಕು ಹೊಳೆಯಿತು, ನೀರು ಚಿಮ್ಮಿತು, ಬಂದವರು ಓಡಿದರು. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆ ಕಥೆಯನ್ನು ಹಿಡಿದುಕೊಂಡೇ ಜನ ಇವತ್ತಿಗೂ ಗುಡ್ಡ ಹತ್ತುತ್ತಾರೆ.

ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನೌಲಿಂನಲ್ಲಿ, ತಾಯಿಯ ಊರಲ್ಲಿ. ತಂದೆಯ ಊರು ಸಾಂಕ್ವಾಳ್. ಕೊಂಕಣಿ ಮಾತಾಡುವ ಮನೆ. 1676ರಲ್ಲಿ ಗುರುದೀಕ್ಷೆ ಆಯಿತು. ಸಾಂಕ್ವಾಳದಲ್ಲಿ ಲ್ಯಾಟಿನ್ ಶಾಲೆ ತೆರೆದರು. ಪ್ರಸಂಗಕ್ಕೂ ಪಾಪನಿವೇದನೆಗೂ ಜನ ಹುಡುಕಿಕೊಂಡು ಬರುತ್ತಿದ್ದರು. ಅವರ ಮನಸ್ಸು ಇದ್ದದ್ದು ಸಿಲೋನಿನ ಮೇಲೆ. 1658ರಲ್ಲಿ ಪೋರ್ತುಗೀಜರನ್ನು ಓಡಿಸಿದ ಡಚ್ಚರು ಅಲ್ಲಿ ಕೆಥೊಲಿಕ್ ಪಾದ್ರಿಗಳು ಕಾಲಿಡಬಾರದೆಂದು ನಿಷೇಧ ಹಾಕಿದ್ದರು. ಡಚ್ಚರೂ ಕ್ರೈಸ್ತರೇ. ಆದರೆ ಪ್ರಾಟೆಸ್ಟಂಟರು. ಸಂತರ ಮುಂದೆ ಕೈಮುಗಿಯುವುದು, ಸತ್ತವರಿಗಾಗಿ ಪೂಜೆ ಹೇಳಿಸುವುದು ಅವರಿಗೆ ಆಗದ ಮಾತು.

ಸಿಲೋನಿಗೆ ಹೊರಟವರನ್ನು ಮೇಲಿನವರು 1681ರಲ್ಲಿ ಕೆನರಾಕ್ಕೆ ಕಳಿಸಿದರು. ಆಗ ನಮ್ಮ ಕರಾವಳಿ ಕೆಳದಿಯವರದ್ದು. ಗಾದಿಯಲ್ಲಿ ಇದ್ದವಳು ರಾಣಿ ಚೆನ್ನಮ್ಮ. ಇಲ್ಲಿ ಬಂದು ನೋಡಿದರೆ ಇಗರ್ಜಿಯವರೊಳಗೇ ಜಗಳ. ಪೋರ್ತುಗಲ್ ರಾಜನ ಕಡೆಯ ಪಾದ್ರಿಗಳು ಒಂದು ಕಡೆ, ರೋಮಿನಿಂದ ನೇರವಾಗಿ ನೇಮಕವಾಗಿದ್ದ ಬಿಷಪ್ ತೋಮಸ್ ದ ಕಾಸ್ತ್ರೊ ಇನ್ನೊಂದು ಕಡೆ. ಯಾರ ಕೈಯಿಂದ ಸಂಸ್ಕಾರ ತೆಗೆದುಕೊಂಡರೆ ಊರ್ಜಿತ ಎಂದು ತಿಳಿಯದೆ ಜನ ಕಂಗಾಲು. ಆಸ್ತಿ ತಗಾದೆಯ ಹಾಗೆ ಆತ್ಮದ ತಗಾದೆ! ವಾಜ್ ಎರಡೂ ಕಡೆ ಮಾತಾಡಿ ರಾಜಿ ಮಾಡಿಸಲು ನೋಡಿದರು. ಪೂರ್ತಿ ಆಗಲಿಲ್ಲ. ಅದರ ಮಧ್ಯೆ ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರಕೂರು, ಬಸರೂರು ಅಂತ ಸುತ್ತಿದರು. ಕುಂದಾಪುರ, ಗಂಗೊಳ್ಳಿ, ಹೊನ್ನಾವರದ ಕಡೆ ಇಗರ್ಜಿ ಕಟ್ಟಿಸಿದರು, ಶಾಲೆ ತೆರೆದರು. ಗುಲಾಮರಾಗಿ ಮಾರಿಹೋಗಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. 1684ರಲ್ಲಿ ಗೋವಾಕ್ಕೆ ಹಿಂತಿರುಗಿ, ಮರುವರ್ಷ ಸ್ಥಳೀಯ ಪಾದ್ರಿಗಳದ್ದೇ ಒಂದು ಸಂಘ ನಿಲ್ಲಿಸಿದರು. ಬಿಳಿಯರು ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿ ಅಲ್ಲ.

1687ರಲ್ಲಿ ಕಡೆಗೂ ಸಿಲೋನು. ಜೊತೆಗೆ ಜಾನ್ ಎಂಬ ಆಳು ಮಾತ್ರ. ಕೂಲಿಯ ವೇಷ. ದಾರಿಯಲ್ಲಿ ಆಮಶಂಕೆ ಹಿಡಿದು ಜಾಫ್ನಾ ಮುಟ್ಟುವಾಗ ಅರ್ಧ ಜೀವ. ಯಾರು ಕೆಥೊಲಿಕರು ಅಂತ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ಡಚ್ಚರ ಜೈಲು. ಅದಕ್ಕೆ ಪಾದ್ರಿ ಒಂದು ಉಪಾಯ ಮಾಡಿದರು. ಕುತ್ತಿಗೆಗೆ ಜಪಸರ ಹಾಕಿಕೊಂಡು ಮನೆ ಮನೆ ಭಿಕ್ಷೆಗೆ ಹೊರಟರು. ಸರ ಕಂಡು ಯಾರ ಕಣ್ಣು ಅದರ ಮೇಲೆ ನಿಲ್ಲುತ್ತದೆ ಎಂದು ನೋಡುತ್ತ ಹೋದರು. ಹೆಚ್ಚುಕಡಿಮೆ ಮೂವತ್ತು ವರ್ಷದಿಂದ ಪಾದ್ರಿಯ ಮುಖ ಕಾಣದ ಜನ. ಹೊರಗೆ ಡಚ್ಚರ ದೇವಾಲಯ, ಒಳಗೆ ಹಳೆಯ ಪ್ರಾರ್ಥನೆ. ಕಣ್ಣು ನಿಂತ ಮನೆಗಳಲ್ಲಿ ರಾತ್ರಿ ಬಾಗಿಲು ಹಾಕಿ ಪೂಜೆ ಶುರುವಾಯಿತು.

ಅಲ್ಲಿಂದ ಪುತ್ತಳಂ, ಮತ್ತೆ 1692ರಲ್ಲಿ ಕ್ಯಾಂಡಿ. ಕ್ಯಾಂಡಿಯ ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯ ಡಚ್ಚರ ಕೈಗೆ ಸಿಕ್ಕಿರಲಿಲ್ಲ. ಪೋರ್ತುಗೀಜರ ಗೂಢಚಾರ ಎಂದು ಯಾರೋ ಕಿವಿ ಊದಿದ್ದರಿಂದ ವಾಜ್ ಹೋದ ಕೂಡಲೇ ಜೈಲಿಗೆ ಬಿದ್ದರು. ಆಮೇಲೆ ಬರಗಾಲದಲ್ಲಿ ಅವರು ಪ್ರಾರ್ಥಿಸಿದ ಮೇಲೆ ಮಳೆ ಬಂತು, ರಾಜನ ಮನಸ್ಸು ಒಲಿಯಿತು ಎಂದು ಪ್ರತೀತಿ. ಮಳೆಯ ವಿಷಯ ಹೇಗೂ ಇರಲಿ, ರಾಜ ಅವರಿಗೆ ಓಡಾಡಲು ಬಿಟ್ಟದ್ದು ನಿಜ. ಕ್ರೈಸ್ತರು ಅಟ್ಟಿದ ಕ್ರೈಸ್ತ ಪಾದ್ರಿಗೆ ನೆರಳು ಕೊಟ್ಟವನು ಬೌದ್ಧ ಅರಸು!

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಆಗ ಇವತ್ತಿನ ಹಾಗೆ ಲಸಿಕೆ ಎಲ್ಲಿ? ಅರಸು, ಆಸ್ಥಾನದವರು, ಕಾಸಿದ್ದವರು ಊರು ಬಿಟ್ಟರು. ರೋಗ ಬಂದವರನ್ನು ಮನೆಯವರೇ ಕಾಡಿಗೆ ಹಾಕಿ ಬಂದರು. ವಾಜ್ ಮತ್ತು ಅವರ ಸಂಬಂಧಿ ಕರ್ವಾಲೊ ಪಾದ್ರಿ ಅಲ್ಲಿಯೇ ನಿಂತರು. ಬಿಟ್ಟುಹೋದವರಿಗೆ ಗಂಜಿ ಕೊಟ್ಟರು, ಕೀವು ತೊಳೆದರು, ಸತ್ತವರಿಗೆ ಕೈಯಾರೆ ಗುಂಡಿ ತೋಡಿ ಹೂತರು. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಈ ಲೇಖಕನನ್ನು ಕೇಳಿದರೆ ಮಳೆ ತರಿಸಿದ್ದಕ್ಕಿಂತ, ಗುಡ್ಡದಲ್ಲಿ ನೀರು ಚಿಮ್ಮಿಸಿದ್ದಕ್ಕಿಂತ ದೊಡ್ಡ ಪವಾಡ ಇದೇ.

ಹೀಗೆ ಎಷ್ಟೋ ಜನ ಅನಾಥರನ್ನು ಹೂತ ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ವಯಸ್ಸು 59. ಅಲ್ಲಿನ ಇಗರ್ಜಿಯಲ್ಲೇ ಹೂತರು. ಮುಂದೆ 1740ರ ದಶಕದಲ್ಲಿ ಗಾಳಿ ತಿರುಗಿತು. ಹೊಸ ಅರಸನ ಕಾಲದಲ್ಲಿ ಪಾದ್ರಿಗಳನ್ನು ಅಟ್ಟಿದರು, ಇಗರ್ಜಿ ಕೆಡವಿದರು. ಸಮಾಧಿಯ ಗುರುತು ಅಳಿಸಿಹೋಯಿತು. ಹುಡುಕಿದವರಿಗೆ ಒಂದು ಮೂಳೆಯೂ ಸಿಗಲಿಲ್ಲ.

ಗೋವಾದಲ್ಲೇ ಇರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹಕ್ಕೆ ಬೆಳ್ಳಿಯ ಪೆಟ್ಟಿಗೆ ಉಂಟು. ಹತ್ತು ವರ್ಷಕ್ಕೊಮ್ಮೆ ಇಳಿಸಿ ತೋರಿಸುವಾಗ ಲಕ್ಷಗಟ್ಟಲೆ ಜನ ಸಾಲು ನಿಲ್ಲುತ್ತಾರೆ. 2024ರ ಕೊನೆಗೂ ನಿಂತರು. ಗೋವಾದ ಸ್ವಂತ ಮಗನಿಗೆ ಆ ಭಾಗ್ಯ ಇಲ್ಲ. ಮೇಲಾಗಿ, ಸಂತ ಎಂದು ರೋಮ್ ಹೇಳುವ ಮೊದಲು ಯಾರಿಗೂ ಬಹಿರಂಗ ಹಬ್ಬ ಮಾಡಬಾರದು ಎಂದು 1634ರಿಂದ ಕಟ್ಟುನಿಟ್ಟಾದ ನಿಯಮ ಬೇರೆ. 1713ರಷ್ಟು ಹಿಂದೆಯೇ ಶುರುವಾದ ವಿಚಾರಣೆ ಮಧ್ಯದಲ್ಲಿ ನಿಂತಿತು. 1835ರಲ್ಲಿ ಪೋರ್ತುಗೀಜ್ ಸರಕಾರ ಗೋವಾದಲ್ಲಿ ಸನ್ಯಾಸಿ ಸಂಘಗಳನ್ನೇ ಮುಚ್ಚಿತು. ಫೈಲು ಹಿಡಿದುಕೊಂಡು ತಿರುಗುವವರು ಯಾರು? ಗೋವಾ, ಕೆನರಾ, ಸಿಲೋನಿನ ಜನ ಮನೆಯೊಳಗೆ ನೆನೆಸಿಕೊಂಡರು. ಬೇಕಾದವರು ಬೇಡಿಕೊಂಡರು. ಅದಕ್ಕೆ ಅಪ್ಪಣೆ ಬೇಕಿರಲಿಲ್ಲ.

1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊಗೆ ಬಂದು ಸಂತ ಪದವಿಗೆ ಒಂದೇ ಮೆಟ್ಟಿಲು ಕೆಳಗಿನ ಸ್ಥಾನ ಘೋಷಿಸಿದರು. ಸತ್ತು 284 ವರ್ಷ ಆಗಿತ್ತು. ಮುಂದಿನ ಮೆಟ್ಟಿಲಿಗೆ ಇನ್ನೊಂದು ಪವಾಡದ ಸಾಕ್ಷಿ ಬೇಕು. ಪೋಪ್ ಫ್ರಾನ್ಸಿಸ್ ಅದನ್ನು ಕೇಳಲಿಲ್ಲ, ವಿನಾಯಿತಿ ಕೊಟ್ಟರು. 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ, ಸಮುದ್ರದ ಬದಿಯಲ್ಲಿ, ಜೋಸೆಫ್ ವಾಜ್ ಸಂತರಾದರು. ಹೆಸರು ನವೆಂಬರ್ ಒಂದರ ಖಾತೆಗೆ ಬಂತು. ಹಬ್ಬ ಜನವರಿ 16, ಅವರು ಕಣ್ಣು ಮುಚ್ಚಿದ ದಿನ. ಎರಡು ದಿನ ಕಳೆದು ಬಂದ ಆ ವರ್ಷದ ಹಬ್ಬಕ್ಕೆ ಮೊದಲ ಸಲ ಸಂತ ಎಂಬ ಹೆಸರು ಸೇರಿತ್ತು.